ಠಾಕುರ್ಲಿಯ ಸ್ಯಾಂಪಲ್ ಫ್ಲ್ಯಾಟಿನ ಕನ್ನಡಿಯವರ ಸನ್ನಿಧಾನಕ್ಕೆ

ಮಾನ್ಯರೇ,

ಠಾಕುರ್ಲಿ ಸ್ಟೇಷನ್ನಿನ ಪೂರ್ವಕ್ಕಿರುವ ಬಿಲ್ಡರ್ ಕಚೇರಿಯಲ್ಲಿ, ಗಿರಾಕಿಗಳಿಗೆ ತೋರಿಸಲೆಂದು ಸಿಂಗರಿಸಿಟ್ಟ ಸ್ಯಾಂಪಲ್ ಫ್ಲ್ಯಾಟಿನ ಹಾಲ್‌ನಲ್ಲಿ, ನೆಲದಿಂದ ಸೂರಿನವರೆಗೆ ಒಂದಿಡೀ ಗೋಡೆಯನ್ನು ಆವರಿಸಿಕೊಂಡು ಬೆಳಗುತ್ತಿರುವ ತಮಗೆ, ಅದೇ ಬಿಲ್ಡರ್‌ನಿಂದ ಒಂದು ಬೆಡ್‌ರೂಮಿನ ಮನೆ ಕೊಂಡ ಚೆನ್ನಯನ ಸಾಷ್ಟಾಂಗ ನಮಸ್ಕಾರಗಳು. ನಿಜವಾಗಿಯೂ ಅಡ್ಡಬಿದ್ದೇ ನಮಸ್ಕರಿಸಬೇಕೆಂದಿದ್ದೆ. ಹೊಸ ಹಾಲ್‌ನಲ್ಲಿ ಕಾಲು ಚಾಚಲು ಜಾಗ ಸಾಲದ ಕಾರಣ ಕುಳಿತಲ್ಲಿಂದಲೇ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ತಾವು ಕ್ಷೇಮವೆಂದು ಬಲ್ಲೆ. ತಮ್ಮ ಮೈಯನ್ನು ಗಂಟೆಗೊಮ್ಮೆ ಒರೆಸುವಷ್ಟು ಉಪಚಾರ ನಮ್ಮ ಕಡೆ ಮದುಮಗಳಿಗೂ ಇಲ್ಲ.

ನಾವೇನೂ ಸಿದ್ಧತೆಯಿಲ್ಲದೆ ಬಂದವರಲ್ಲ. ವಾಶಿಯ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ನಾನು, ಬಿಲ್ಲು ಕೊಡಲು ಬಂದವರಲ್ಲಿ ವಕೀಲರ ಹಾಗೆ ಕಂಡವರನ್ನೆಲ್ಲ ನಿಲ್ಲಿಸಿ, ಮನೆ ಕೊಳ್ಳುವ ಮೊದಲು ಏನೇನು ನೋಡಬೇಕೆಂದು ವಿಚಾರಿಸಿಕೊಂಡಿದ್ದೆ. ಹೆಂಡತಿ ಜಯಲತಾ ಬಟ್ಟೆ ಹೊಲಿಯುವ ಟೇಪನ್ನು ಚೀಲದಲ್ಲಿಟ್ಟುಕೊಂಡು ಬಂದು ಅಡುಗೆ ಕಟ್ಟೆ, ಬಚ್ಚಲು, ಬಾಗಿಲು ಎಲ್ಲವನ್ನೂ ಅಳೆದಳು. ಕೊನೆಗೆ ಹಾಲ್‌ಗೆ ಬಂದಾಗ ತಾವು ದರ್ಶನ ಕೊಟ್ಟಿರಿ. ತಾವು ಕನ್ನಡಿಯೆಂಬುದು ನನಗೆ ತಿಳಿಯಲಿಲ್ಲವೆಂದು ಸುಳ್ಳು ಹೇಳಲಾರೆ, ಏಕೆಂದರೆ ತಮ್ಮನ್ನು ನೋಡಿಕೊಂಡೇ ನಾನು ತಲೆ ಬಾಚಿಕೊಂಡೆ. ಆದರೂ ತಮ್ಮೊಳಗೆ ಇನ್ನೊಂದು ಸೋಫಾ, ಇನ್ನೊಂದು ಫ್ಯಾನು, ಇನ್ನೊಂದು ಟೀಪಾಯಿ ಕಂಡದ್ದೇ ತಡ, ಮನಸ್ಸು ಅವನ್ನೆಲ್ಲ ನಮ್ಮ ಲೆಕ್ಕಕ್ಕೆ ಸೇರಿಸಿಬಿಟ್ಟಿತು. “ಇಷ್ಟು ದೊಡ್ಡದನ್ನು ಅಳೆಯುವುದೆಂತ?” ಎಂದು ಜಯಲತಾ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದಳು.

ಇನ್ನು ನನ್ನ ಅಮ್ಮ, ಸುಂದರಿ ಎಂದು ಹೆಸರು. ಡೊಂಬಿವಲಿಯ ಚಾಳಿನ ನಮ್ಮ ಒಂದೇ ಕೋಣೆಯ ಬಾಡಿಗೆ ಖೋಲಿಯಲ್ಲಿ ಇಷ್ಟು ವರ್ಷವೂ ಅವರು ಚಾಪೆ ಹಾಸಿಕೊಂಡದ್ದು ಪಾತ್ರೆ ತೊಳೆಯುವ ಮೋರಿಯ ಪಕ್ಕದಲ್ಲಿ. ಕಿಟಕಿಯ ಬಳಿ ಮಲಗಬೇಕೆಂಬುದು ಅವರ ಒಂದೇ ಆಸೆ; ನಾವು ಮನೆ ಕೊಳ್ಳಲು ಹೊರಟದ್ದೂ ಮುಕ್ಕಾಲುಪಾಲು ಅದಕ್ಕೇ. ಅವತ್ತು ಅವರು ಅಡುಗೆಮನೆಯ ಬಾಗಿಲಲ್ಲಿ ಓರೆಯಾಗಿ ನಿಂತು ತಮ್ಮ ಕಡೆ ನೋಡಿದರು. ತಾವು ಅವರಿಗೆ ಅವರ ಮುಖವನ್ನು ತೋರಿಸದೆ, ಒಂದು ದಿವಾನ್ ಮಂಚವನ್ನೂ ಅದರ ಪಕ್ಕದ ಕಿಟಕಿಯನ್ನೂ ತೋರಿಸಿದಿರಿ. “ಆಚೆ ಕೋಣೆ ನನಗಿರಲಿ. ಕಿಟಕಿ ಉಂಟಲ್ಲ, ಗಾಳಿ ಬರ್ತದೆ,” ಎಂದರು ಅಮ್ಮ. ಮಾರಾಟ ವಿಭಾಗದ ಹೃಷೀಕೇಶ ಎಂಬ ಸಜ್ಜನರು ಅಮ್ಮನ ಕೈಬೆರಳು ಎತ್ತ ಹೋಗುತ್ತಿದೆಯೆಂದು ನೋಡಿ, “ಬಿಲ್ಕುಲ್ ಆಜಿ, ವೋ ಆಪ್‌ಕಾ ಹೀ ಹೈ,” ಎಂದು, ಅದು ಅಜ್ಜಿಯದೇ ಎಂಬಂತೆ, ಕೈಮುಗಿದರು. ಮುದುಕಿಯ ತಮಾಷೆಯೆಂದುಕೊಂಡು ನಾವೆಲ್ಲ ನಕ್ಕೆವು.

ಆಮೇಲೆ ಬ್ಯಾಂಕು, ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಎಂದು ನಾನು ಸುತ್ತಿದ ಬಾಗಿಲುಗಳಲ್ಲಿ ಯಾರೊಬ್ಬರೂ ತಮ್ಮಷ್ಟು ಧಾರಾಳವಾಗಿ ನಡೆದುಕೊಳ್ಳಲಿಲ್ಲ. ಕರಾರುಪತ್ರದಲ್ಲಿ ಹಾಲ್‌ನ ಅಳತೆ ಸ್ಪಷ್ಟವಾಗಿಯೇ ಇತ್ತು. ತಮ್ಮನ್ನು ಕಣ್ಣಾರೆ ಕಂಡವನು ಕಾಗದದ ಮಾತನ್ನು ಏಕೆ ಕೇಳುತ್ತಾನೆ? ‘ಕನ್ನಡಿಯೊಳಗಿನ ಗಂಟು’ ಎಂದು ಹಿರಿಯರು ತಮ್ಮನ್ನು ಹಗುರಾಗಿ ಕಂಡರು, ಪಾಪ. ಅವರ ಕಾಲದಲ್ಲಿ ಆ ಗಂಟಿಗೆ ಯಾವ ಬ್ಯಾಂಕೂ ಇಪ್ಪತ್ತು ವರ್ಷದ ಸಾಲ ಕೊಡುತ್ತಿರಲಿಲ್ಲ.

ಮನೆಯ ಕೀಲಿ ಸಿಕ್ಕಿ, ಹಾಲುಕ್ಕಿಸಿ, ಪಾಯಸ ಬಡಿಸುವ ಹೊತ್ತಿಗೆ ಅಮ್ಮ ಹಾಲ್‌ನ ಬರಿ ಗೋಡೆಯನ್ನು ತಟ್ಟಿ ನೋಡುತ್ತಿದ್ದರು. “ನನ್ನ ಕೋಣೆಗೆ ಬಾಗಿಲು ಇಡ್ಲಿಕ್ಕೆ ಮರ್ತಿದ್ದಾರಾ?” ಎಂದು ಕೇಳಿದರು. ನಾನು ಜಯಲತಾಳ ಎಲೆಗೆ ಇನ್ನೊಂದು ಸೌಟು ಪಾಯಸ ಸುರಿದೆ. ಕೊನೆಗೆ ಮಗಳು ಪ್ರೇಕ್ಷಾಳೇ, “ಅಜ್ಜಿ, ವೋ ತೋ ಮಿರರ್ ಥಾ, ಕನ್ನಡಿ,” ಎಂದಳು. “ಹೌದಾ,” ಎಂದಷ್ಟೇ ಹೇಳಿ ಅಮ್ಮ ಪಾಯಸ ಮುಗಿಸಿದರು. ಹಾಲ್‌ನ ನಿಜವಾದ ಕಿಟಕಿಯ ಬಳಿ ಚಾಪೆ ಹಾಸಿದರೆ ಮುಂಬಾಗಿಲು ತೆರೆಯುವುದಿಲ್ಲ. ಬೆಡ್‌ರೂಮಿನಲ್ಲಿ ಮಲಗಿ ಎಂದರೆ, ಓದುವ ಹುಡುಗಿಯ ಕೋಣೆ ನನಗೆ ಬೇಡ ಎಂದರು. ಮರುದಿನ ಕಲ್ಯಾಣದಲ್ಲಿರುವ ನನ್ನ ತಮ್ಮ ಮನೀಶನಿಗೆ ಫೋನು ಮಾಡಿಸಿ, ಅಲ್ಲಿಯ ನೀರು ತನಗೆ ಒಗ್ಗುತ್ತದೆಂದು ಹೇಳಿ ಅವನ ಖೋಲಿಗೆ ಹೊರಟುಹೋದರು. ಅಲ್ಲಿಯೂ ಮಲಗುವುದು ಮೋರಿಯ ಪಕ್ಕದಲ್ಲೇ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ವಿನಂತಿಯೇನೆಂದರೆ, ತಾವು ತೋರಿಸಿದ ಆ ಕೋಣೆಯನ್ನು ದಿವಾನ್ ಮಂಚ, ಕಿಟಕಿ, ಗಾಳಿ ಸಮೇತ ಬೇಗನೆ ನಮ್ಮ ವಶಕ್ಕೆ ಕೊಡಬೇಕು. ಇಡೀ ಕೋಣೆ ಕೊಡಲು ಬಿಲ್ಡರ್ ಒಪ್ಪದಿದ್ದರೆ ಒಂದು ಬಾಗಿಲನ್ನಾದರೂ ಕೊಡಿ, ಒಳಗೆ ಹೋಗುವ ದಾರಿಯನ್ನು ಅಮ್ಮನೇ ಕಂಡುಕೊಳ್ಳುತ್ತಾರೆ. ಅದೂ ಆಗದಿದ್ದರೆ ತಾವೇ ಕೆಲಸಕ್ಕೆ ರಾಜೀನಾಮೆ ಕೊಟ್ಟು ನಮ್ಮ ಗೋಡೆಗೆ ಬಂದು ನೆಲೆಸಬೇಕು. ಒರೆಸುವ ಜವಾಬ್ದಾರಿ ನನ್ನದು.

ತಮ್ಮಲ್ಲಿ ತನ್ನ ಮುಖವನ್ನು ಕಂಡೂ ಬುದ್ಧಿ ಕಲಿಯದ,
ತಮ್ಮ ವಿಶ್ವಾಸಿ,
ಚೆನ್ನಯ

ತಾ.ಕ.: ತಮ್ಮ ಉತ್ತರಕ್ಕೆ ಕಾಯುವ ತಾಳ್ಮೆಯಿಲ್ಲದೆ, ತಮ್ಮ ಬಳಗದವರಲ್ಲೇ ಒಬ್ಬರನ್ನು ಪೇಟೆಯಿಂದ ತಂದು ಗೋಡೆಗೆ ಕೂರಿಸಿ, ಭಾನುವಾರ ಅಮ್ಮನನ್ನು ಕರೆದುಕೊಂಡು ಬಂದೆ. ಅವರು ಹತ್ತಿರ ಹೋಗಿ ನಿಂತು ತುಂಬ ಹೊತ್ತು ನೋಡಿದರು. “ಇಲ್ಲಿ ಒಬ್ಬಳು ಮುದುಕಿ ಆಗ್ಲೇ ಬಂದಿದ್ದಾಳೆ ಮಗಾ. ಪಾಪ, ಅವಳಿಗೂ ಬೇರೆ ಜಾಗ ಇಲ್ಲ ಅಂತ ಕಾಣ್ತದೆ. ಇರ್ಲಿ ಬಿಡು,” ಎಂದು ಚೀಲ ಎತ್ತಿಕೊಂಡು ಕಲ್ಯಾಣದ ಲೋಕಲ್ ಹತ್ತಿದರು. ಆದುದರಿಂದ ಮೇಲಿನ ಬೇಡಿಕೆಗಳನ್ನೆಲ್ಲ ಹಿಂದೆಗೆದುಕೊಂಡಿದ್ದೇನೆ. ಕೋಣೆ ತಮಗೇ ಇರಲಿ. ಆ ಮುದುಕಿಯನ್ನು ಮಾತ್ರ ನನಗೆ ವಾಪಸು ಕಳುಹಿಸಿಕೊಡಿ.