ಕಾರಿಗೇರಿದ ಕಾಫಿ ಫಿಲ್ಟರು

ನನ್ನ ಕಾರಿನಲ್ಲಿದ್ದ ದೋಷ ಒಂದೇ, ಹೊಗೆ. ನಾನು ಕೆ.ಆರ್. ಪೇಟೆಯ ಮಂಡಿ ಬೀದಿಗೆ ತಿರುಗಿದೊಡನೆ ಅಂಗಡಿಯವರೆಲ್ಲ ಮೂಗಿಗೆ ಟವಲ್ಲು ಹಿಡಿದು, "ಬೆಲ್ಲದ ಮಂಡಿ ಶಿವಣ್ಣೋರು ಬಂದ್ರು" ಎನ್ನುತ್ತಿದ್ದರು. ಕೆ.ಆರ್.ಎಸ್.ನಲ್ಲಿ ಕೆಲಸದಲ್ಲಿದ್ದ ಎಂಜಿನಿಯರೊಬ್ಬರು ಊರು ಬಿಡುವಾಗ ನನಗೆ ಮಾರಿದ ಕಾರು ಅದು. ಅವರು ಅಷ್ಟು ನಗುನಗುತ್ತಾ ಯಾಕೆ ಮಾರಿದರೆಂದು ನನಗೆ ಹೊಳೆಯಲು ಒಂದು ಮಳೆಗಾಲ ಬೇಕಾಯಿತು.

ಆ ಹೊಗೆಯ ಜೊತೆ ನಾನು ಹೇಗೋ ಸಂಸಾರ ಮಾಡಿಕೊಂಡಿದ್ದೆ. ಅಷ್ಟರಲ್ಲಿ, ನನ್ನ ಹೆಂಡತಿ ಜಯಮ್ಮನ ತಂಗಿ ಸುಶೀಲೆಯನ್ನು ನೋಡಲು ಶ್ರೀರಂಗಪಟ್ಟಣದಿಂದ ಗಂಡಿನ ಕಡೆಯವರು ಬರುವುದೆಂದು ನಿಶ್ಚಯವಾಯಿತು. ಅತ್ತೆ, ಮಾವ ಇಬ್ಬರೂ ತೀರಿಹೋದ ಮೇಲೆ ಸುಶೀಲೆ ನಮ್ಮ ಮನೆಯಲ್ಲೇ ಇದ್ದಳು. ಅವಳನ್ನು ಒಳ್ಳೆಯ ಮನೆ ಸೇರಿಸುವ ಹೊಣೆ ನನ್ನದು. ಹುಡುಗನ ಫೋಟೋ ನೋಡಿ ಅವಳು ಏನೂ ಹೇಳಿರಲಿಲ್ಲ. ಆದರೆ ಫೋಟೋ ವಾಪಸ್ಸೂ ಕೊಟ್ಟಿರಲಿಲ್ಲ. ಹುಡುಗನ ತಂದೆ ನಿಂಗೇಗೌಡರು ಗದ್ದೆ, ಹಸು ಎಲ್ಲ ಇದ್ದ ದೊಡ್ಡ ಕುಳ. "ಉಪ್ಪಿಟ್ಟು ಗಿಪ್ಪಿಟ್ಟು ಏನೂ ಬ್ಯಾಡಿ. ಒಂದ್ ಲೋಟ ಒಳ್ಳೆ ಕಾಫಿ ಕೊಡಿ ಸಾಕು. ಮನೆ ಎಂಗದೆ ಅಂತ ಅದ್ರಲ್ಲೇ ಗೊತ್ತಾಯ್ತದೆ" ಎಂದು ಹೇಳಿಕಳುಹಿಸಿದ್ದರು. ಅಂಥವರನ್ನು ಬಸ್ಸಿನಲ್ಲಿ ನೇತಾಡಿಕೊಂಡು ಬನ್ನಿ ಎನ್ನಲಾದೀತೆ? ನಾನೇ ಕಾರು ತರುತ್ತೇನೆ ಎಂದುಬಿಟ್ಟೆ.

ಹೊಗೆಯ ಮೂಲವೇನೆಂದು ಪಾಂಡವಪುರದ ಮೆಕ್ಯಾನಿಕ್ ಸಾಬರನ್ನು ವಿಚಾರಿಸಿದೆ. ಎಂಜಿನ್ನಿನ ಹೊಟ್ಟೆಯೊಳಗಿನ ಆಯಿಲು ಆವಿಯ ಜೊತೆ ಮೇಲಿನ ಪೈಪಿನಲ್ಲಿ ಹೊರಟು, ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಗೇ ಹೋಗಿ ಉರಿಯುತ್ತಿದೆ, ನಡುವೆ ಒಂದು ಡಬ್ಬ ಕೂರಿಸಿದರೆ ಆಯಿಲು ಅದರಲ್ಲೇ ನಿಂತು ಬರೀ ಗಾಳಿ ಮುಂದೆ ಹೋಗುತ್ತದೆ ಎಂದರು. ಮುಂದಿನ ವಾರ ಬನ್ನಿ, ಮಾಡಿಕೊಡುತ್ತೇನೆ ಎಂದೂ ಸೇರಿಸಿದರು. ಗಂಡಿನವರು ಬರುವುದು ಈ ಭಾನುವಾರ! ಅಲ್ಲದೆ, ಇದು ಬರೀ ಸೋಸುವ ಕೆಲಸ. ಆಲೆಮನೆಯಲ್ಲಿ ಕಬ್ಬಿನ ಹಾಲು ಸೋಸುವುದನ್ನು ನೋಡಿಕೊಂಡೇ ಮೀಸೆ ಬಂದವನಿಗೆ ಸೋಸುವುದನ್ನು ಇನ್ನೊಬ್ಬರು ಕಲಿಸಬೇಕೆ?

ಭಾನುವಾರ ಬೆಳಿಗ್ಗೆ ಕಾಫಿ ಕುಡಿದ ಲೋಟ ಇಡಲು ಅಡುಗೆಮನೆಗೆ ಹೋದೆ. ತೊಳೆದು ಬೋರಲು ಹಾಕಿದ್ದ ಹಿತ್ತಾಳೆಯ ಕಾಫಿ ಫಿಲ್ಟರು ಫಳಫಳ ಹೊಳೆಯುತ್ತಿತ್ತು. ನಮ್ಮತ್ತೆಯವರು ಜಯಮ್ಮನಿಗೆ ಬಳುವಳಿ ಕೊಟ್ಟದ್ದು. ಮೇಲೊಂದು ಡಬ್ಬ, ಕೆಳಗೊಂದು ಡಬ್ಬ, ನಡುವೆ ಸಣ್ಣ ಸಣ್ಣ ತೂತು. ಸಾಬರು ಹೇಳಿದ ಡಬ್ಬ ನಮ್ಮ ಮನೆಯಲ್ಲೇ ಇದೆಯಲ್ಲಾ! ಅಕ್ಕತಂಗಿಯರಿಬ್ಬರೂ ಹಿತ್ತಲಲ್ಲಿದ್ದರು. ಗಂಡಿನವರನ್ನು ಇಳಿಸಿದ ಕೂಡಲೇ ತೊಳೆದಿಟ್ಟರಾಯಿತು ಎಂದುಕೊಂಡು ಫಿಲ್ಟರನ್ನು ಟವಲ್ಲಿನೊಳಗೆ ಸುತ್ತಿಕೊಂಡೆ.

ಪೈಪು ಸೇರಿಸಲು ಕೆಳಗಿನ ಡಬ್ಬಕ್ಕೊಂದು, ಮುಚ್ಚಳಕ್ಕೊಂದು ತೂತು ಬೇಕಾಯಿತು. ಹೊಡೆದೆ. ಅಷ್ಟೊಂದು ತೂತಿರುವ ಪಾತ್ರೆಗೆ ಇನ್ನೆರಡು ಯಾವ ಲೆಕ್ಕ? ಸಂದುಗಳಿಗೆ ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದೆ. ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ಬುದ್ಧಿವಂತರ ಸಾಲಿಗೆ ಸೇರುತ್ತಿದ್ದೆ. ಆದರೆ ಸೋಸುವ ಬಟ್ಟೆ ದಪ್ಪಗಿದ್ದಷ್ಟೂ ಬೆಲ್ಲ ಚೆನ್ನ ಎಂಬುದು ನಮ್ಮಪ್ಪನ ಕಾಲದಿಂದ ಬಂದ ಮಾತು. ಜಯಮ್ಮನ ಹಳೆಯ ಸೀರೆಯ ತುಂಡೊಂದನ್ನು ಮಡಿಸಿ, ಮತ್ತೆ ಮಡಿಸಿ, ಸಾಲದೆನಿಸಿ ಇನ್ನೊಮ್ಮೆ ಮಡಿಸಿ, ಮೇಲಿನ ಡಬ್ಬದೊಳಕ್ಕೆ ಗಿಡಿದು ತುಂಬಿ ಮುಚ್ಚಳ ಬಿಗಿದೆ.

ಶ್ರೀರಂಗಪಟ್ಟಣದವರೆಗೂ ಒಂದೆಳೆ ಹೊಗೆಯಿಲ್ಲ! ನಾನು ರಸ್ತೆಗಿಂತ ಹೆಚ್ಚಾಗಿ ಹಿಂದಿನ ಕನ್ನಡಿಯನ್ನೇ ನೋಡುತ್ತಾ ಹೋದೆ. ನಿಂಗೇಗೌಡರು ಹಾಲಿನಂಥ ಬಿಳಿ ಪಂಚೆ, ಬಿಳಿ ಜುಬ್ಬ ತೊಟ್ಟು ನನ್ನ ಪಕ್ಕ ಕೂತರು. ಅವರ ಹೆಂಡತಿ, ಮಗ ಹಿಂದೆ ಕೂತರು. ಹುಡುಗ ಲಕ್ಷಣವಾಗಿದ್ದ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ನಾನೇ ಆಡಿದೆ. ಕಾರನ್ನು ಸ್ವಂತ ಕೈಯಿಂದ ರಿಪೇರಿ ಮಾಡಿದ ಬಗೆಯನ್ನು ಪಾಂಡವಪುರದವರೆಗೂ ವರ್ಣಿಸಿದೆ.

ಚಿನಕುರಳಿ ದಾಟಿದ ಮೇಲೆ ಬಾನೆಟ್ಟಿನೊಳಗೆ 'ಠಪ್' ಎಂದಿತು. ಆಯಿಲು ಅಳೆಯುವ ಕಡ್ಡಿ ತನ್ನ ಜಾಗದಿಂದ ಚಿಮ್ಮಿತ್ತು, ಅದರ ಹಿಂದೆಯೇ ಆಯಿಲೂ. ಮುಂದಿನ ಗಾಜು ಕಪ್ಪಾಯಿತು. ಕಾರು ನಿಲ್ಲಿಸಿದೆ. ಮತ್ತೆ ಚಾಲೂ ಆಗದಿದ್ದರೆ ಮಾನ ಹೋದೀತೆಂದು ಎಂಜಿನ್ನು ಆರಿಸದೆಯೇ ಬಾನೆಟ್ಟು ಎತ್ತಿ, ಕಡ್ಡಿಯನ್ನು ಬಲವಾಗಿ ತುರುಕಿದೆ. ನಿಂಗೇಗೌಡರು ಪಾಪ, ಒಳ್ಳೆಯ ಮನುಷ್ಯರು. ಸಹಾಯಕ್ಕೆಂದು ಇಳಿದು ಬಂದು ಬಗ್ಗಿದರು. ಆಗ ನಾನು, ಗಾಳಿ ಎಲ್ಲಿ ಸಿಕ್ಕಿಕೊಂಡಿದೆಯೋ ನೋಡೋಣವೆಂದು ಫಿಲ್ಟರಿನ ತಂತಿ ಸಡಿಲಿಸಿದೆ.

ಮುಚ್ಚಳ ಹಾರಿ ಬೇಲಿಗೆ ಬಿತ್ತು. ಆಯಿಲು ಕುಡಿದು ಉಬ್ಬಿದ್ದ ಸೀರೆಯ ತುಂಡು ನಿಂಗೇಗೌಡರ ಎದೆಗೆ ಬಡಿದು, ಜುಬ್ಬದ ಮೇಲೆಲ್ಲ ಇಳಿದು, ಪಂಚೆಯ ಮೇಲೆ ನಿಂತಿತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಎಂಜಿನ್ನಿನ ಮೇಲೆ ಕೂತಿದ್ದ ಫಿಲ್ಟರನ್ನು ಬಹಳ ಹೊತ್ತು ನೋಡಿದರು.

"ಏನ್ ಶಿವಣ್ಣೋರೆ, ನಿಮ್ ಕಾರೂ ಕಾಫಿ ಕುಡೀತದಾ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸುಶೀಲೆ ವಾಪಸ್ ಕೊಡದಿದ್ದ ಆ ಫೋಟೋ ನೆನಪಾಯಿತು. ಬೇಲಿಯಿಂದ ಮುಚ್ಚಳ ಹೆಕ್ಕಿ, ಫಿಲ್ಟರು ಕಳಚಿ, ಪೈಪನ್ನು ಮೊದಲಿನಂತೆ ಸಿಕ್ಕಿಸಿ, ಡಿಕ್ಕಿಯಲ್ಲಿದ್ದ ಆಯಿಲು ಸುರಿದು ಹೊರಟೆ. ಹೊಗೆಯೂ ಊರವರೆಗೆ ಜೊತೆಗೆ ಬಂತು.

ಬಾಗಿಲಲ್ಲಿ ಜಯಮ್ಮ ನಿಂತಿದ್ದಳು. ಬೀಗರಾಗಬೇಕಾದವರ ಬಟ್ಟೆ ನೋಡಿದಳು, ನನ್ನ ಕೈಯಲ್ಲಿದ್ದ ಕರಿ ಫಿಲ್ಟರು ನೋಡಿದಳು. ಬೆಳಗಿನಿಂದ ಅದಕ್ಕಾಗಿ ಹಾಲುಗಾರ್ತಿಯನ್ನೂ ಬಿಡದೆ ಅನುಮಾನಿಸಿದ್ದಳಂತೆ. ನೆಂಟರನ್ನು ನಗುನಗುತ್ತಾ ಒಳಗೆ ಕರೆದಳು. ಆ ನಗುವೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಗೌಡರು ನನ್ನ ಪಂಚೆ, ಅಂಗಿ ತೊಟ್ಟು ಕೂತರು. ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಸೇರಲಿಲ್ಲ.

ಗೌಡರ ಹೆಂಡತಿ ಒಳಗೆ ಹೋಗಿ ದಾರಿಯಲ್ಲಿ ನಡೆದದ್ದನ್ನೆಲ್ಲ, ಸೀರೆಯ ತುಂಡಿನ ಸಮೇತ, ಅಕ್ಕತಂಗಿಯರಿಗೆ ಹೇಳಿಬಂದರು. ಸುಶೀಲೆ ಕಾಫಿ ತಂದಳು. ಗೌಡರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ.

"ಫಿಲ್ಟರು ಕಾರಲ್ಲಿತ್ತಲ್ಲವ್ವ, ಎಂಗ್ ಮಾಡ್ದೆ ಇದ?" ಎಂದು ಕೇಳಿದರು.

"ಬಟ್ಟೇಲಿ ಸೋಸ್ದೆ ಮಾವ" ಎಂದಳು ಸುಶೀಲೆ ತಲೆ ತಗ್ಗಿಸಿಕೊಂಡೇ. "ಒಂದೇ ಪದರ. ಮಡಿಸಿ ತುಂಬುದ್ರೆ ಕಟ್ಕೊತದೆ."

ಅಷ್ಟು ಹೊತ್ತು ಮಾತಾಡದಿದ್ದ ಹುಡುಗ ಪಕ್ಕನೆ ನಕ್ಕುಬಿಟ್ಟ. ಸುಶೀಲೆಯ ತುಟಿಯೂ ಅಲುಗಿತು. ಇನ್ನು ನಮ್ಮ ಒಪ್ಪಿಗೆ ಯಾರಿಗೆ ಬೇಕಿತ್ತು? ಗೌಡರು ಇನ್ನೊಂದು ಲೋಟ ಕೇಳಿ ಕುಡಿದು, ಎದ್ದು, ತಾವು ಬಸ್ಸಿನಲ್ಲೇ ಹೋಗುವುದಾಗಿ ತಿಳಿಸಿದರು.

ಮಾರನೆಯ ವಾರ ಸಾಬರು ಅದೇ ಫಿಲ್ಟರನ್ನು ಬಟ್ಟೆಯಿಲ್ಲದೆ ಕೂರಿಸಿದರು. ಹೊಗೆ ಎಷ್ಟೋ ಕಡಿಮೆಯಾಯಿತು. ಅಂದರೆ, ಇಡೀ ಯಂತ್ರದಲ್ಲಿ ನಾನು ಸ್ವಂತ ಬುದ್ಧಿಯಿಂದ ಸೇರಿಸಿದ ಭಾಗವೊಂದೇ ತಪ್ಪಾಗಿತ್ತು!

ಮದುವೆ ಚೆನ್ನಾಗಿಯೇ ನಡೆಯಿತು. ಬಳುವಳಿಯ ಪಾತ್ರೆಗಳನ್ನು ಚಪ್ಪರದಲ್ಲಿ ಜೋಡಿಸಿದ್ದೆವು. ಕೊಳಗ, ಬಿಂದಿಗೆ, ತಟ್ಟೆ ಯಾವುದನ್ನೂ ನಿಂಗೇಗೌಡರು ಮುಟ್ಟಲಿಲ್ಲ. ಹೊಸ ಕಾಫಿ ಫಿಲ್ಟರನ್ನು ಮಾತ್ರ ಎತ್ತಿಕೊಂಡು, ಎಲ್ಲರೆದುರು ಮುಚ್ಚಳ ತೆಗೆದು ಬೆಳಕಿಗೆ ಹಿಡಿದರು. ತಳ ತಿರುಗಿಸಿ ಸವರಿ ನೋಡಿದರು. ಆಮೇಲೆ ನನ್ನ ಮುಖ ನೋಡಿ, ಅದನ್ನು ಜೋಪಾನವಾಗಿ ತಮ್ಮ ಹೆಂಡತಿಯ ಮಡಿಲಿಗೆ ದಾಟಿಸಿದರು.