ಅಕ್ಕನ ಮಂಡಿ ಮತ್ತು ಹನ್ನೆರಡು ಬ್ಯಾಂಕು

ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನಿಗೆ ಹಣದ ವಿಷಯ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಜನ ನಂಬುವುದು ಹಾಗಿರಲಿ, ಕಾಲಕ್ರಮೇಣ ಅವನೂ ನಂಬಿಬಿಡುತ್ತಾನೆ. ಅಸಲಿಗೆ ನನಗೆ ಗೊತ್ತಿದ್ದದ್ದು ಬೇರೆಯವರ ನೋಟು ಎಣಿಸುವುದು, ಸಹಿ ತಾಳೆ ನೋಡುವುದು ಮತ್ತು 'ನಾಳೆ ಬನ್ನಿ' ಎನ್ನುವುದು. ಮದುವೆಮನೆಯಲ್ಲಿ ಇಡೀ ದಿನ ಬಡಿಸಿದವನು ತನಗೆ ಅಡುಗೆಯೂ ಬರುತ್ತದೆ ಎಂದುಕೊಂಡ ಹಾಗೆ. ಆದರೂ ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಯಾರಿಗೆ ನಾಲ್ಕು ಕಾಸು ಬಂದರೂ "ಬ್ಯಾಂಕ್ ಸಾರ್‌ನ ಒಂದ್ಮಾತು ಕೇಳಿ" ಅನ್ನುತ್ತಾರೆ. ನಾನು ಕನ್ನಡಕ ಹಾಕಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳುತ್ತೇನೆ. ಆ ಸುಮ್ಮನಿರುವುದೇ ನನ್ನ ಪಾಂಡಿತ್ಯದ ಮುಖ್ಯ ಭಾಗ.

ಬೆಳಿಗ್ಗೆ ಪಾರ್ಕಿನಲ್ಲಿ ನಮ್ಮದೊಂದು ಕಲ್ಲುಬೆಂಚು ಇದೆ. ನಾನು, ಶಿವಪುತ್ರಪ್ಪ, ನಂಜುಂಡಯ್ಯ ಮೂವರೂ ಬ್ಯಾಂಕಿನಿಂದ ನಿವೃತ್ತರಾದವರು, ಮೂವರದೂ ಬೇರೆ ಬೇರೆ ಬ್ಯಾಂಕು. ನಂಜುಂಡಯ್ಯನವರ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿ ಬೋರ್ಡೇ ಬದಲಾಗಿದೆ. ಅವರು ಮಾತ್ರ ಇವತ್ತಿಗೂ ಹಳೆಯ ಹೆಸರನ್ನೇ ಹೇಳುತ್ತಾರೆ, ತೀರಿಕೊಂಡ ಹಿರಿಯರ ಹೆಸರು ಹೇಳುವ ಹಾಗೆ, ತುಸು ತಲೆ ತಗ್ಗಿಸಿ. ಷೇರು ಕೊಳ್ಳುವುದಾದರೆ ಯಾವ ಬ್ಯಾಂಕಿನದು ಕೊಳ್ಳಬೇಕು ಎಂಬ ಚರ್ಚೆ ಆ ಬೆಂಚಿನ ಮೇಲೆ ಎರಡು ವರ್ಷ ನಡೆಯಿತು. ನನ್ನ ಬ್ಯಾಂಕು ಅಂದರೆ ಶಿವಪುತ್ರಪ್ಪ ನಗುತ್ತಿದ್ದರು, ಅವರದು ಅಂದರೆ ನಾನು. ಒಂದು ದಿನ ಪೇಪರಿನಲ್ಲಿ ಬ್ಯಾಂಕಿಂಗ್ ಇಂಡೆಕ್ಸ್ ಫಂಡಿನ ಬಗ್ಗೆ ಓದಿದೆವು. ದೊಡ್ಡ ದೊಡ್ಡ ಹನ್ನೆರಡು ಬ್ಯಾಂಕುಗಳ ಷೇರನ್ನು ಒಂದೇ ಗಂಟು ಕಟ್ಟಿ ಕೊಡುತ್ತಾರಂತೆ. ಆರಿಸುವ ತಲೆನೋವಿಲ್ಲ, ಸೂಚ್ಯಂಕ ಹೋದ ಕಡೆ ಫಂಡೂ ಹೋಗುತ್ತದೆ. "ನಿಮ್ದೂ ಇದೆ, ನಮ್ದೂ ಇದೆ. ಇನ್ನು ಜಗಳಾನೇ ಇಲ್ವಲ್ರೀ!" ಅಂದರು ಶಿವಪುತ್ರಪ್ಪ. ಸ್ನೇಹ ಉಳಿಸಿಕೊಳ್ಳುವುದಕ್ಕೆ ಫಂಡ್ ಕೊಂಡವರು ಈ ಊರಿನಲ್ಲಿ ನಾವು ಮೂವರೇ ಇರಬೇಕು.

ನಮ್ಮ ಹಣ ನಾವು ಹಾಕಿಕೊಂಡೆವು, ಅದರಲ್ಲಿ ಯಾರನ್ನೂ ದೂರುವುದಿಲ್ಲ. ನಾನು ತಪ್ಪು ಮಾಡಿದ್ದು ಅಕ್ಕನ ವಿಷಯದಲ್ಲಿ. ಅಕ್ಕ ವಿಜಯನಗರದಲ್ಲಿದ್ದಾಳೆ. ಭಾವ ಹೋಗಿ ಆರು ವರ್ಷವಾಯಿತು. ಎರಡೂ ಮಂಡಿ ಸವೆದು, ಮಾರುಕಟ್ಟೆಗೆ ಹೋಗಿ ಸೊಪ್ಪು ತರುವುದಕ್ಕೆ ಎರಡು ಕಡೆ ಕೂತು ಏಳುತ್ತಿದ್ದಳು. ಒಂದು ವರ್ಷದೊಳಗೆ ಆಪರೇಷನ್ ಮಾಡಿಸಿಬಿಡಿ ಎಂದು ಡಾಕ್ಟರು ಹೇಳಿದ ವಾರವೇ ನನ್ನನ್ನು ಕರೆಸಿದಳು. "ಮಂಡಿ ಆಪರೇಷನ್ ದುಡ್ಡು ಕಣೋ ಇದು. ನೀನು ಬ್ಯಾಂಕಲ್ಲಿದ್ದವನು, ಎಲ್ಲಾದ್ರೂ ಸೇಫಾಗಿ ಹಾಕು" ಅಂದಳು. ವರ್ಷದೊಳಗೆ ಬೇಕಾದ ಹಣವನ್ನು ಷೇರಿನ ಹತ್ತಿರವೂ ಸುಳಿಯಗೊಡಬಾರದು. ಇದು ಈಗ ನನಗೆ ಬಾಯಿಪಾಠ. ಆವತ್ತು ಮಾತ್ರ, "ಹನ್ನೆರಡು ಬ್ಯಾಂಕು ಅಕ್ಕ! ಒಂದಕ್ಕೆ ಏನಾದ್ರೂ ಆದ್ರೆ ಇನ್ನೂ ಹನ್ನೊಂದು ಇರುತ್ವೆ" ಅಂದೆ. ಫಾರಮ್ಮಿನಲ್ಲಿ ಸ್ಪೀಡೋಮೀಟರಿನಂಥ ಒಂದು ಚಿತ್ರವಿತ್ತು, ಅದರ ಮುಳ್ಳು ಬಲತುದಿಯಲ್ಲಿ 'ಅತಿ ಹೆಚ್ಚು ಅಪಾಯ' ಎಂಬಲ್ಲಿ ನಿಂತಿತ್ತು. ಅಕ್ಕ ಅದೇನು ಅಂತ ಕೇಳಿದಳು. "ಅದೆಲ್ಲಾ ರೂಲ್ಸಿಗೆ ಹಾಕಿರ್ತಾರೆ ಬಿಡು" ಅಂದೆ. ಸರ್ವೀಸಿನುದ್ದಕ್ಕೂ ಗಿರಾಕಿಗಳಿಗೆ 'ಓದಿ ಸಹಿ ಮಾಡಿ' ಎಂದು ಹೇಳಿ ಹೇಳಿ, ಓದುವುದು ಗಿರಾಕಿಗಳ ಕೆಲಸ ಎಂದು ನನಗೆ ಅಭ್ಯಾಸವಾಗಿತ್ತು.

ಏಳೆಂಟು ತಿಂಗಳು ಫಂಡು ಏರಿತು, ನಾನೂ ಏರಿದೆ. ಆಮೇಲೊಂದು ದೊಡ್ಡ ಬ್ಯಾಂಕಿನ ಲೆಕ್ಕಪತ್ರ ಚೆನ್ನಾಗಿಲ್ಲ ಎಂದು ಸುದ್ದಿ ಬಂತು. ಹೋಗಲಿ, ಒಂದು ತಾನೇ, ಅಂದುಕೊಂಡೆ. ಹನ್ನೆರಡರಲ್ಲಿ ಎಲ್ಲದಕ್ಕೂ ಸಮಪಾಲಿಲ್ಲ, ಮೂರೋ ನಾಲ್ಕೋ ದೊಡ್ಡವೇ ಅರ್ಧಕ್ಕಿಂತ ಹೆಚ್ಚು ಭಾರ ಹೊತ್ತಿರುತ್ತವೆ ಎಂದು ಆಗ ಗೊತ್ತಾಯಿತು. ಅದರ ಹಿಂದೆಯೇ ಸಾಲ ವಸೂಲಾಗುತ್ತಿಲ್ಲ, ಬಡ್ಡಿದರ ಬದಲಾಗುತ್ತದೆ ಎಂದೆಲ್ಲ ಶುರುವಾಗಿ ಉಳಿದವೂ ಸಾಲುಹಿಡಿದು ಇಳಿದವು. ಹನ್ನೆರಡು ಮನೆಗೂ ಒಂದೇ ಬೋರ್‌ವೆಲ್ ಇದ್ದರೆ, ಅದು ಬತ್ತಿದ ದಿನ ಪಕ್ಕದ ಮನೆಗೆ ಕೊಡ ಹಿಡಿದು ಹೋಗಿ ಏನು ಪ್ರಯೋಜನ? ಕಲ್ಲುಬೆಂಚಿನ ಮೇಲೆ ನಾವು ಮೂವರು ಹವಾಮಾನದ ಬಗ್ಗೆ ಮಾತಾಡತೊಡಗಿದೆವು. ನನ್ನ ಹೆಂಡತಿ ಸುಮ್ಮನಿರಲಿಲ್ಲ. "ಪೆನ್ಷನ್ ಬ್ಯಾಂಕಿಂದು, ಎಫ್‌ಡಿ ಬ್ಯಾಂಕಲ್ಲಿ, ಫಂಡೂ ಬ್ಯಾಂಕಿಂದೇ. ಈ ಮನೇಲಿ ಬ್ಯಾಂಕಲ್ಲದ್ದು ಅಂದ್ರೆ ನಾನೊಬ್ಳೇ ರೀ" ಅಂದಳು.

ಅಷ್ಟರಲ್ಲಿ ಅಕ್ಕನ ಫೋನು ಬಂತು. ಆಪರೇಷನ್ನಿಗೆ ಡಾಕ್ಟರು ಮುಂದಿನ ತಿಂಗಳು ದಿನ ಕೊಟ್ಟಿದ್ದರು. ನಾನು ಹತ್ತನೇ ಕ್ಲಾಸು ಓದುವಾಗ ತನ್ನ ಬಳೆ ಅಡವಿಟ್ಟು ಫೀಸು ಕಟ್ಟಿದವಳು ಅವಳು. ಫಂಡು ಮಾರಿದರೆ ಹಾಕಿದ್ದರಲ್ಲಿ ದೊಡ್ಡ ಭಾಗವೇ ಕಡಿಮೆ ಬರುತ್ತಿತ್ತು. ಗಂಡಹೆಂಡತಿ ಕೂತು ಯೋಚಿಸಿ, ನಮ್ಮದೇ ಒಂದು ಎಫ್‌ಡಿ ಮುರಿಸಿ, ಫಂಡಿನಲ್ಲಿ ಬಂದ ಹಣ ಇದೇ ಎಂದು ಅಕ್ಕನಿಗೆ ಹೇಳುವುದು ಎಂದು ತೀರ್ಮಾನಿಸಿದೆವು. ಚೆಕ್ಕು ಜೇಬಿನಲ್ಲಿಟ್ಟುಕೊಂಡು ವಿಜಯನಗರಕ್ಕೆ ಹೋದೆ.

"ಫಂಡ್ ಮಾರಿಬಿಟ್ಟೆ ಅಕ್ಕ. ಚೆನ್ನಾಗೇ ಬಂತು" ಅಂದೆ.

ಅಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆ, "ಹೆಂಗ್ ಮಾರ್ದೆ? ಓಟಿಪಿ ನನ್ನ ಫೋನಿಗೆ ಬರ್ಬೇಕಲ್ವೇನೋ?" ಅಂದಳು.

ಫಂಡು ಅವಳ ಹೆಸರಿನಲ್ಲಿದೆ ಎಂಬುದನ್ನೇ ಈ ಬ್ಯಾಂಕ್ ಅಧಿಕಾರಿ ಮರೆತಿದ್ದ. ಜೇಬಿನಿಂದ ಚೆಕ್ಕು ತೆಗೆದು, ಇದ್ದದ್ದನ್ನೆಲ್ಲ ಹೇಳಿಬಿಟ್ಟೆ.

"ಇಳಿದಿರೋದು ನಂಗೊತ್ತು. ದಿನಾ ಪೂಜೆ ಆದ್ಮೇಲೆ ನೋಡ್ತೀನಿ. ನಿನ್ ದುಡ್ಡು ನೀನೇ ಇಟ್ಕೊ. ಆಪರೇಷನ್ ದುಡ್ಡು ಪೋಸ್ಟಾಫೀಸಲ್ಲಿದೆ."

"ಮತ್ತೆ ನಂಗೆ ಕೊಟ್ಟಿದ್ದು?"

"ಅದು ಎಡಗಾಲಿಂದು. ಮೊದ್ಲು ಬಲಗಾಲಿಗೆ ಮಾಡ್ತಾರೆ. ಎರಡು ಕಾಲೂ ನಿನ್ ಕೈಗೆ ಕೊಡೋಕಾಗುತ್ತೇನೋ?" ಅಂದು, ಬಿಡಿಸಿದ ಕಾಳಿನ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಹುಳ ಇದ್ರೆ ನೋಡು" ಅಂದಳು.

ನನಗೆ ಆದದ್ದು ಸಂತೋಷವೋ ಅವಮಾನವೋ ಹೇಳಲಾರೆ, ಎರಡೂ ಒಟ್ಟಿಗೇ ಬಂದವು. ಕಾಳು ಆರಿಸುತ್ತಾ ಕೂತೆ. ಅಪಾಯವನ್ನು ಹಂಚಿಡಬೇಕು ಎಂದು ನಾನು ಊರಿಗೆಲ್ಲ ಹೇಳುತ್ತಿದ್ದೆ. ಹಂಚಿಟ್ಟವಳು ಅಕ್ಕ, ಅಪಾಯ ನಾನು.

ಆಪರೇಷನ್ ಚೆನ್ನಾಗಿ ಆಯಿತು. ಫಂಡು ಇನ್ನೂ ಹಾಕಿದಷ್ಟಕ್ಕೆ ಬಂದಿಲ್ಲ. "ಬರಲಿ ಬಿಡು, ಅವಸರ ಏನಿದೆ" ಅನ್ನುತ್ತಾಳೆ ಅಕ್ಕ. ಈಗ ಭಾನುವಾರದ ಸಂಜೆ ಅವಳನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ. ಬಲಗಾಲನ್ನು ಅವಳು ಗಟ್ಟಿಯಾಗಿ ಊರುತ್ತಾಳೆ. ಎಡಗಾಲನ್ನು ಎಳೆದುಕೊಂಡು ಮುಂದಿಡುವಾಗ, ನಾನು ಬೇರೆ ಕಡೆ ನೋಡುತ್ತೇನೆ.