ಬೊಳ್ಳಿಗೆ ಬೇಕಾದ ಸೀರೆ

ತೀರ್ಥರಾಮ ಮಾಷ್ಟ್ರಿಗೆ ಮಂಡೆಕೋಲಿನಿಂದ ಪುತ್ತೂರಿಗೆ ವರ್ಗವಾಗಬೇಕಿತ್ತು. ಪುತ್ತೂರಿನಲ್ಲಿ ಕರೆಂಟು ದೀಪವಿತ್ತು, ಟಾಕೀಸಿತ್ತು, ಹೋಟೆಲಿನಲ್ಲಿ ಕೂತರೆ ಮಸಾಲೆದೋಸೆ ತಾನಾಗಿ ಎದುರಿಗೆ ಬರುತ್ತಿತ್ತು. ಮಂಡೆಕೋಲಿನಲ್ಲಿ ಇದ್ದದ್ದು ಅವರು ಹೆಡ್ಮಾಷ್ಟ್ರಾಗಿದ್ದ ಶಾಲೆ, ಮೂಸಕುಂಞಿಯ ಜೀನಸು ಅಂಗಡಿ ಮತ್ತು ಮಳೆಗಾಲದಲ್ಲಿ ಬಸ್ಸು ಬಾರದ ಮಾರ್ಗ. ವರ್ಗದ ಕಾಗದ ತಾಲೂಕು ಬೋರ್ಡಿನ ಮೆಂಬರೊಬ್ಬರ ಮೇಜಿನ ಮೇಲೆ ಕಾದು ಕೂತಿತ್ತು. ಮೆಂಬರು ಹೂಂ ಅನ್ನುವುದು ಅವರ ಹೆಂಡತಿ ಕೌಸಲ್ಯಮ್ಮ ಹೂಂ ಅಂದ ಮೇಲೆಯೇ ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಆ ಕೌಸಲ್ಯಮ್ಮ ಭಾನುವಾರ ಸಂಜೆ ಮಂಡೆಕೋಲು ಶಾಲೆಯಲ್ಲಿ ಹೆಂಗಸರ ಸಭೆ ಕರೆದಿದ್ದರು. 'ಮನೆಗೆಲಸದಲ್ಲಿ ಧನ್ಯತೆ' ಎಂಬ ವಿಷಯದ ಮೇಲೆ ಮಾಷ್ಟ್ರೇ ಮಾತಾಡಬೇಕೆಂದು ಹೇಳಿ ಕಳಿಸಿದ್ದರು. ಭಾಷಣ ಅವರಿಗೆ ಹಿಡಿಸಿತೋ, ಪುತ್ತೂರು ಕೈಗೆ ಬಂದ ಹಾಗೆಯೇ.

ಮನೆಗೆಲಸದ ಬಗ್ಗೆ ಮಾಷ್ಟ್ರಿಗೆ ಗೊತ್ತಿದ್ದದ್ದು ಅದು ನಡೆಯುತ್ತದೆ ಎಂಬುದಷ್ಟೇ. ಭಾಷಣಕ್ಕೆ ಅದಕ್ಕಿಂತ ಹೆಚ್ಚು ಗೊತ್ತಿರಬೇಕೆಂದು ಅವರಿಗೆ ಅನಿಸಲೂ ಇಲ್ಲ. ವಾರವಿಡೀ ಜಗಲಿಯ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಗಟ್ಟಿಯಾಗಿ ಅಭ್ಯಾಸ ಮಾಡಿದರು. "ಸೋದರಿಯರೇ, ಅದು ಒಲೆಯಲ್ಲ, ಯಜ್ಞಕುಂಡ ಎಂದು ತಿಳಿಯಿರಿ. ಒಲೆ ಊದುವಾಗ ಕಣ್ಣಲ್ಲಿ ಬರುವ ನೀರು ಹೊಗೆಯದ್ದಲ್ಲ, ಧನ್ಯತೆಯದ್ದು." ಒಳಗೆ ಹೆಂಡತಿ ಪ್ರೇಮಾವತಿ ಹಸಿ ಸೌದೆ ಊದುತ್ತಾ ಆ ಧನ್ಯತೆಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು.

ಭಾನುವಾರ ಬೆಳಕು ಹರಿಯುವಾಗ ಅವಳು ಚೀಲ ಹಿಡಿದು ಜಗಲಿಗೆ ಬಂದಳು.

"ಅಜ್ಜಾವರಕ್ಕೆ ಹೋಗಿ ಅಮ್ಮನನ್ನು ನೋಡಿ ಬರ್ತೇನೆ. ಸಂಜೆ ಸೀದಾ ಶಾಲೆಗೇ ಬರ್ತೇನೆ."

"ಇವತ್ತೇ ಹೋಗುದಾ? ಮನೆಕೆಲಸ?"

"ನಿಮಗೇ ಬಿಟ್ಟಿದ್ದೇನೆ. ಇಷ್ಟು ಧನ್ಯತೆ ನಾನೊಬ್ಬಳೇ ಇಟ್ಟುಕೊಳ್ಳುದು ಸರಿಯಲ್ಲ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಮಾಷ್ಟ್ರು ಹೆದರಲಿಲ್ಲ. ಮೊದಲು ಶುದ್ಧಿ, ಆಮೇಲೆ ಕೆಲಸ ಎಂದು ಒಲೆಯ ಬೂದಿಯನ್ನೆಲ್ಲ ಗೋರಿ ತೆಂಗಿನ ಬುಡಕ್ಕೆ ಹಾಕಿದರು. ರಾತ್ರಿ ಪ್ರೇಮಾವತಿ ಬೂದಿಯ ಅಡಿಯಲ್ಲಿ ಹುಗಿದಿಟ್ಟ ಕೆಂಡವೂ ಅದರ ಜೊತೆಗೆ ಹೋಯಿತು. ಕಡ್ಡಿಪೆಟ್ಟಿಗೆ ಹುಡುಕಿದರೆ ಅದೂ ಖಾಲಿ. ಕೊನೆಗೆ ತೆಂಗಿನ ಗೆರಟೆ ಹಿಡಿದುಕೊಂಡು, ಪಕ್ಕದ ಮನೆಯ ಹವ್ವಮ್ಮನಲ್ಲಿ ಕೆಂಡ ಕೇಳಲು ಹೋದರು.

ಹವ್ವಮ್ಮ ಅಂಗಡಿಯ ಮೂಸಕುಂಞಿಯ ಹೆಂಡತಿ. ಬೇಲಿಯಾಚೆ ಏನು ನಡೆದರೂ ಅದು ತನ್ನ ಮನೆಯದ್ದೇ ಎಂದು ತಿಳಿಯುವ ಧಾರಾಳಿ. ಕೆಂಡ ಕೊಟ್ಟು ಕಾರಣ ಕೇಳಿ ತಿಳಿದುಕೊಂಡಳು. ಮಾಷ್ಟ್ರು ಒಲೆ ಹೊತ್ತಿಸಿ, ಕುಚ್ಚಿಲಕ್ಕಿಯನ್ನು ಮಡಕೆಯ ಕಂಠದವರೆಗೆ ತುಂಬಿ ಇಟ್ಟರು. ಅದು ಉಕ್ಕಿ ಯಜ್ಞಕುಂಡವನ್ನು ಪೂರಾ ಆರಿಸಿಬಿಟ್ಟಿತು. ಮತ್ತೆ ಗೆರಟೆ ಹಿಡಿದರು. ಅಷ್ಟರಲ್ಲಿ ಹವ್ವಮ್ಮನೇ ಹಾಲಿನ ಚೊಂಬು ಹಿಡಿದು ಬಂದಳು.

"ಮಾಷ್ಟ್ರೇ, ಬೆಂಕಿ ಎಷ್ಟು ಸಲ ಬೇಕಾದ್ರೂ ಕೊಡ್ತೇನೆ. ನನ್ನ ದಿನದ ಹಾಲು ಎಲ್ಲಿ? ಇವರು ಬೆಳಿಗ್ಗೆಯಿಂದ ಚಾಯ ಇಲ್ಲದೆ ಕೂತಿದ್ದಾರೆ."

ಹಟ್ಟಿಯಲ್ಲಿ ಬೊಳ್ಳಿ ಎಂಬ ದನ ಕೆಚ್ಚಲು ಬಿಗಿದು ಕೂಗುತ್ತಿತ್ತು. ಮಾಷ್ಟ್ರು ಕುಕ್ಕರಗಾಲಲ್ಲಿ ಕೂತು ಕೈ ಹಾಕಿದ್ದೇ ತಡ, ಅದು ಝಾಡಿಸಿದ ಒದೆತಕ್ಕೆ ಸಗಣಿಯ ಮೇಲೆ ಅಂಗಾತ ಬಿದ್ದರು.

"ಅದಕ್ಕೆ ಗಂಡಸರ ಕೈ ಆಗುದಿಲ್ಲ" ಎಂದಳು ಹವ್ವಮ್ಮ. "ಪ್ರೇಮಾವತಿಯ ಸೀರೆ ಉಟ್ಟು, ತಲೆಗೆ ಸೆರಗು ಹಾಕಿ ಕೂತ್ಕೊಳ್ಳಿ. ವಾಸನೆ ಸಿಕ್ಕಿದ್ರೆ ಸುಮ್ಮನಾಗ್ತದೆ. ನನ್ನ ತಮ್ಮ ಆದಂ ಕುಂಞಿಯೂ ಹಾಗೆಯೇ ಹಾಲು ಕರೆಯುದು."

"ನಾನು ಹೆಡ್ಮಾಷ್ಟ್ರು, ಹವ್ವಮ್ಮ."

"ಬೊಳ್ಳಿ ಶಾಲೆಗೆ ಹೋಗ್ಲಿಲ್ಲ ಅಲ್ವಾ, ಅದಕ್ಕೆ ಗೊತ್ತಾಗುದಿಲ್ಲ."

ಹಗ್ಗದಲ್ಲಿ ತೂಗುತ್ತಿದ್ದ ಹಸಿರು ಚೌಕಳಿ ಸೀರೆಯನ್ನು ಮಾಷ್ಟ್ರು ಹೇಗೋ ಸುತ್ತಿಕೊಂಡರು. ಬೊಳ್ಳಿ ಮೂಸಿ ನೋಡಿತು. ಈ ಮನೆಯಲ್ಲಿ ತನಗೆ ಗೊತ್ತಿರುವುದು ಈ ಸೀರೆಯೊಂದೇ ಎಂಬಂತೆ ನಿಟ್ಟುಸಿರು ಬಿಟ್ಟು ಹಾಲಿಳಿಸಿತು. ಚೊಂಬಿನಲ್ಲಿ ನೊರೆ ಏಳುವಾಗ ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು. ಸಭೆಯ ಏರ್ಪಾಡು ಹೇಗಿದೆಯೆಂದು ನೋಡಲು ಕೌಸಲ್ಯಮ್ಮ ಬೇಗನೇ ಬಂದಿದ್ದರು.

"ಮಾಷ್ಟ್ರು ಇದ್ದಾರಾ?" ಎನ್ನುತ್ತಾ ಅವರು ಸೀದಾ ಹಟ್ಟಿಯ ಬಾಗಿಲಿಗೇ ಬಂದರು.

ಮಾಷ್ಟ್ರು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ದನದ ಹೊಟ್ಟೆಗೆ ಮುಖ ಒತ್ತಿದರು.

"ಬೆಂಚು ಹಾಕಿಸ್ಲಿಕ್ಕೆ ಶಾಲೆಗೆ ಹೋಗಿದ್ದಾರೆ" ಎಂದಳು ಹವ್ವಮ್ಮ, ಸ್ವಲ್ಪವೂ ತಡವರಿಸದೆ. "ಇದು ಅವರ ಹೆಂಡತಿ ಪ್ರೇಮಾವತಿ."

ಆ ದಿನ ಮಾಷ್ಟ್ರಿಗೆ ಮೊದಲ ಸಲ ನಿಜವಾದ ಧನ್ಯತೆ ಅನುಭವಕ್ಕೆ ಬಂದದ್ದು ಆಗಲೇ.

"ಎಂತಮ್ಮಾ, ಕೆಲಸ ತುಂಬ ಉಂಟಾ?" ಕೌಸಲ್ಯಮ್ಮ ಮೃದುವಾಗಿ ಕೇಳಿದರು. ಸೆರಗಿನೊಳಗಿಂದ ತೆಳ್ಳಗೆ ಹೂಂ ಎಂದು ಬಂತು. "ಬೇಸರ ಆಗುದಿಲ್ವಾ?" ಊಹೂಂ ಎಂದು ಬಂತು.

"ಇವಳಿಗೆ ಮಾತು ಕಡಿಮೆ ಅಮ್ಮಾ" ಎಂದಳು ಹವ್ವಮ್ಮ. "ನೀರು ಸೇದುದು, ಸಗಣಿ ಬಾಚುದು, ಎಲ್ಲ ನಗ್ತಾ ನಗ್ತಾ ಮಾಡುದು."

"ಇನ್ನು ಪುತ್ತೂರಿಗೆ ಬಂದ್ರೆ ಸುಖ ಆಗ್ತದೆ. ನಾಳೆಯೇ ಇವರ ಕೈಯಿಂದ ಸಹಿ ಹಾಕಿಸ್ತೇನೆ."

ಹವ್ವಮ್ಮ ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳು ಒಮ್ಮೆ ಚೊಂಬು ನೋಡಿದಳು. ಮಾಷ್ಟ್ರು ಪುತ್ತೂರಿಗೆ ಹೋದರೆ ಬೊಳ್ಳಿಯೂ ಹೋಗುತ್ತದೆ, ಬೊಳ್ಳಿಯ ಜೊತೆ ಚಾಯದ ಹಾಲೂ ಹೋಗುತ್ತದೆ.

"ಪುತ್ತೂರಾ? ಇವಳು ಸತ್ರೂ ಬರುದಿಲ್ಲ. ಈ ಹಟ್ಟಿ, ಈ ಬಾವಿ ಬಿಟ್ಟು ನಾನು ಹೇಗೆ ಇರುದು ಅಂತ ನಿನ್ನೆಯೂ ನನ್ನ ಹತ್ರ ಅತ್ತಳು."

"ಹೌದಾ ಅಮ್ಮಾ?"

ಎಲ್ಲ ಸುಳ್ಳು ಎಂದು ಕಿರುಚಬೇಕೆನಿಸಿತು. ಕಿರುಚಿದರೆ ಗಂಡು ಸ್ವರ. ಮಾಷ್ಟ್ರು ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿದರು. ಆ ಅಲುಗಾಟಕ್ಕೆ ಬೊಳ್ಳಿ ಬೆದರಿ ಮೊಣಕಾಲಿಗೆ ಸರಿಯಾಗಿ ಒದೆಯಿತು. ಸೆರಗಿನೊಳಗಿಂದ ಬಿಕ್ಕಿದ ಸದ್ದು ಕೇಳಿತು.

"ಪುತ್ತೂರು ಬೇಡ ಅಲ್ವಾ. ಗೊತ್ತಾಯ್ತು, ಅಳಬೇಡ ಮಗಾ" ಎಂದು ಕೌಸಲ್ಯಮ್ಮ ತಮ್ಮ ಕಣ್ಣನ್ನೂ ಒರೆಸಿಕೊಂಡು ಜೀಪು ಹತ್ತಿದರು.

ಭಾಷಣದಲ್ಲಿ ಎಲ್ಲ ಸರಿ ಮಾಡಿಕೊಳ್ಳಬಹುದೆಂದು ಮಾಷ್ಟ್ರು ಧೈರ್ಯ ತಂದುಕೊಂಡರು. ಸಂಜೆ ಕುಂಟುತ್ತಾ ವೇದಿಕೆ ಹತ್ತಿ, ಬೆಳಿಗ್ಗೆ ಕೆಂಡಕ್ಕೆ ಸುಟ್ಟ ಬೆರಳೆತ್ತಿ ಮಾತಾಡಿದರು. ಒಲೆಯ ವಿಷಯ ಬಂದಾಗ ಸ್ವರ ನಡುಗಿತು. ಹೆಂಗಸರು ಕೈ ತಟ್ಟಿದರು. ಆಮೇಲೆ ಕೌಸಲ್ಯಮ್ಮ ಎದ್ದರು.

"ಮಾಷ್ಟ್ರು ಬಾಯಲ್ಲಿ ಹೇಳಿದ್ದನ್ನು ಅವರ ಹೆಂಡತಿ ಮಾಡಿ ತೋರಿಸುದನ್ನು ನಾನು ಇವತ್ತು ಕಣ್ಣಾರೆ ನೋಡಿದೆ. ಪ್ರೇಮಾವತಿ ಎಲ್ಲಿದ್ದೀ? ಮುಂದೆ ಬಾ ಅಮ್ಮಾ."

ಆಗಷ್ಟೇ ಅಜ್ಜಾವರದಿಂದ ಬಂದು ಬಾಗಿಲಲ್ಲಿ ನಿಂತಿದ್ದ ಪ್ರೇಮಾವತಿ ಗಾಬರಿಯಿಂದಲೇ ವೇದಿಕೆ ಹತ್ತಿದಳು.

"ಹಸಿರು ಚೌಕಳಿ ಸೀರೆ ಉಟ್ಟು, ಹಟ್ಟಿಯಲ್ಲಿ ಕೂತು, ಈ ಊರು ಬಿಡ್ಲಿಕ್ಕಾಗುದಿಲ್ಲ ಅಂತ ಅತ್ತದ್ದು ಮರೆಯುದುಂಟಾ? ಇಂಥವಳನ್ನು ಊರಿಂದ ಎಬ್ಬಿಸುದು ಪಾಪ. ವರ್ಗ ರದ್ದು ಮಾಡಿಸ್ತೇನೆ. ನಾಳೆಯಿಂದ ಇಲ್ಲಿ ಮಹಿಳಾ ಸಮಾಜ ಶುರು. ಪ್ರೇಮಾವತಿಯೇ ಅಧ್ಯಕ್ಷೆ. ದಿನಾ ಹೊಲಿಗೆ, ಭಜನೆ, ಕತ್ತಲಾಗುವವರೆಗೆ."

ಪ್ರೇಮಾವತಿ ಗಂಡನ ಕಿವಿಯ ಹಿಂದೆ ಒಣಗಿದ ಸಗಣಿ ನೋಡಿದಳು. ಮುಂದಿನ ಸಾಲಿನಲ್ಲಿ ತಲೆಗೆ ಹೊದ್ದ ತಟ್ಟದಿಂದ ಬಾಯಿ ಮುಚ್ಚಿಕೊಂಡು ನಗುವಿನಿಂದ ಕುಲುಕುತ್ತಿದ್ದ ಹವ್ವಮ್ಮನನ್ನು ನೋಡಿದಳು. ಬೇರೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

"ಆಗ್ಲಿ ಅಮ್ಮಾ" ಎಂದಳು.

"ಮನೆಕೆಲಸಕ್ಕೆ ತೊಂದರೆ ಆಗುದಿಲ್ಲ ಅಲ್ವಾ?"

"ಇಲ್ಲ. ಅದರ ಧನ್ಯತೆ ಎಷ್ಟು ಅಂತ ಇವರು ಈಗಷ್ಟೇ ಹೇಳಿದ್ರಲ್ಲ. ಇವರೇ ನೋಡಿಕೊಳ್ತಾರೆ."

ಹೆಡ್ಮಾಷ್ಟ್ರಾದವರು ಸಭೆಯ ಕೊನೆಗೆ ವಂದನಾರ್ಪಣೆ ಮಾಡಲೇಬೇಕು. ತೀರ್ಥರಾಮ ಮಾಷ್ಟ್ರು ಎದ್ದು ನಿಂತು ಕೌಸಲ್ಯಮ್ಮನಿಗೆ, ಅವರ ಯಜಮಾನರಿಗೆ, ಹವ್ವಮ್ಮನಿಗೆ, ಎಲ್ಲರಿಗೂ ತುಂಬು ಹೃದಯದ ಧನ್ಯವಾದ ಹೇಳಿದರು.

ಮನೆಗೆ ಬರುವಾಗ ಹಟ್ಟಿಯಲ್ಲಿ ಬೊಳ್ಳಿ ಕೂಗುತ್ತಿತ್ತು. ಪ್ರೇಮಾವತಿ ಜಗಲಿಯ ಆರಾಮಕುರ್ಚಿಯಲ್ಲಿ ಕಾಲು ಚಾಚಿದಳು.

"ಸೀರೆ ಹಗ್ಗದಲ್ಲೇ ಇರ್ಲಿ, ತೊಳಿಲಿಕ್ಕೆ ಹಾಕ್ಬೇಡಿ" ಎಂದಳು. "ವಾಸನೆ ಹೋದ್ರೆ ಬೊಳ್ಳಿಗೆ ನಿಮ್ಮ ಗುರ್ತ ಸಿಕ್ಕುದಿಲ್ಲ."